ವೇಳೆವಾಳಿಯ ಮಡದಿ

ಹೇಮಗುಂದದ ಕೋಟೆಯ ಮೂಡಣ ಬಾಗಿಲು ತೆರೆಯುವ ಹೊತ್ತಿಗೆ ಹೂವಾಡಿಗರ ಕೇರಿಯಲ್ಲಿ ಅರ್ಧ ವ್ಯಾಪಾರ ಮುಗಿದುಹೋಗಿರುತ್ತಿತ್ತು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳಿಂದೇಳುವ ಸುರಗಿ, ಸಂಪಿಗೆ, ದವನಗಳ ಪರಿಮಳವು ಆನೆಸಾಲೆಯ ಲದ್ದಿಯ ನಾತದೊಡನೆ ಬೆರೆತು ರಾಜಬೀದಿಗೆ ತನ್ನದೇ ಆದೊಂದು ವಾಸನೆಯನ್ನು ಕೊಡುತ್ತಿತ್ತು. ಹಬ್ಬದ ದಿನ ಕಹಳೆಯ ದನಿ ಕೇಳಿದೊಡನೆ ಮುತ್ತಿನ ವರ್ತಕರು, ಕುದುರೆಯ ಸೆಟ್ಟಿಗಳು, ಹಾಲು ಮೊಸರಿನವರು ಎಲ್ಲರೂ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ನಡುವೆ ಪಲ್ಲಕ್ಕಿಗಳ ಸಾಲು ಹೊರಡುತ್ತಿತ್ತು. ಆ ಸಾಲಿನಲ್ಲಿ ಮಂತ್ರಿಗಳ ಮಡದಿಯರು ಕೂಡ ಬದಿಗೆ ಸರಿದು ದಾರಿ ಬಿಡಬೇಕಾಗಿದ್ದುದು ಒಂದೇ ಬಗೆಯ ಹೆಂಗಸರಿಗೆ. ಅವರು ಎಡಗಾಲಿಗೆ ಪೆಂಡೆಯವೆಂಬ ಚಿನ್ನದ ಕಾಲ್ಬಳೆ ತೊಟ್ಟ ವೇಳೆವಾಳಿಗಳ ಮಡದಿಯರು.

ವೇಳೆವಾಳಿಯೆಂದರೆ ಅರಸನ ಪ್ರಾಣಕ್ಕೆ ತನ್ನ ಪ್ರಾಣವನ್ನು ಕಟ್ಟಿಕೊಂಡ ಭಟ. ಅರಸ ಬದುಕಿರುವವರೆಗೆ ಅವನಿಗೆ ಭೂಮಿ, ಆನೆ, ಅಂತಸ್ತು, ಅರಮನೆಗೆ ಸಾಟಿಯಾದ ಮನೆ. ಅರಸ ಕಣ್ಣು ಮುಚ್ಚಿದ ದಿನ ಅವನೂ ಅವನ ಕೈಹಿಡಿದವಳೂ ತೆಂಕಣ ಬಾಗಿಲಿನ ಅಗ್ನಿಕೊಂಡವನ್ನು ಹೊಗಬೇಕು. ಅವನು ಮೊದಲೇ ಮಡಿದರೂ ಮಡದಿಯ ಆಣೆ ಮಡಿಯುವುದಿಲ್ಲ. ಆ ಆಣೆಯ ಗುರುತೇ ಪೆಂಡೆಯ. ಮದುವೆಯ ದಿನ ಅಕ್ಕಸಾಲಿಗನು ಅದನ್ನು ವಧುವಿನ ಕಾಲಿಗೆ ತೊಡಿಸಿ, ಮೊಳೆ ಬಡಿದು, ತಿಳಿದು ತೊಡುತ್ತಿರುವೆಯಾ ಎಂದು ಮೂರು ಸಲ ಕೇಳುವುದು ಪದ್ಧತಿ.

ಹೂವಾಡಿಗ ಮಾರಯ್ಯನ ಮಗಳು ಚಂದಲೆ ಮೂರು ಸಲವೂ ತಿಳಿದಿದೆ ಎಂದಳು. ಅವಳ ಕಣ್ಣು ಅಕ್ಕಸಾಲಿಗನ ಮುಖದ ಮೇಲಿರಲಿಲ್ಲ, ಚಿನ್ನದ ಮೇಲಿತ್ತು. ಆಗ ಅರಸ ಚಟ್ಟಮದೇವನಿಗೆ ಮೂವತ್ತು ವರ್ಷ. ಪಳಗದ ಕುದುರೆಯನ್ನು ಒಂದೇ ಕೈಯಲ್ಲಿ ತಡೆದು ನಿಲ್ಲಿಸುವ ಆಳು. ಅಂಥವನ ಸಾವನ್ನು ಹದಿನೆಂಟರ ಹುಡುಗಿ ಯೋಚಿಸುವುದಾದರೂ ಹೇಗೆ? ಅವಳು ಯೋಚಿಸಿದ್ದು ಪಲ್ಲಕ್ಕಿಯನ್ನು. ಬುಟ್ಟಿ ಹೊತ್ತು ಗೋಡೆಗೆ ಒತ್ತಿ ನಿಂತು ನಿಂತು ಅವಳಿಗೆ ಸಾಕಾಗಿತ್ತು.

ವರ ಕೇತಮಲ್ಲ ನಾಯಕ, ವೇಳೆವಾಳಿಗಳ ಹಿರಿಯ. ಅವನೇನೂ ಅವಳ ಗುಣಕ್ಕೆ ಸೋತು ಬಂದವನಲ್ಲ. ಕುದುರೆಯಾದರೆ ನಾಡಿನಲ್ಲೇ ಮೊದಲನೆಯದು, ಕತ್ತಿಯಾದರೆ ಮೊದಲನೆಯದು, ಹೆಣ್ಣಾದರೂ ಮೊದಲನೆಯವಳೇ ಬೇಕು ಎಂಬ ಹಟ ಅವನದು. ಚಂದಲೆಯಷ್ಟು ಚೆಲುವೆ ಹೇಮಗುಂದದಲ್ಲಿ ಇನ್ನೊಬ್ಬಳಿರಲಿಲ್ಲ. ಅತಿಥಿಗಳು ಬಂದಾಗ ಅವಳನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ, ಅವರ ಕಣ್ಣರಳುವುದನ್ನು ನೋಡಿ ಮೀಸೆಯಡಿಯಲ್ಲಿ ನಗುತ್ತಿದ್ದ. ಅತಿಥಿಗಳು ಹೋದ ಮೇಲೆ ಅವಳತ್ತ ಅವನು ತಿರುಗಿ ನೋಡಿದ್ದನ್ನು ಆ ಮನೆಯ ಯಾರೂ ಕಂಡಿಲ್ಲ. ಅವಳೂ ಕೊರಗಲಿಲ್ಲ, ಕೊರಗಲು ಬೇಕಾದ ಪ್ರೀತಿಯನ್ನು ಅವಳು ತವರಿನಿಂದ ತಂದಿರಲೇ ಇಲ್ಲ. ಹೀಗೆ ಹನ್ನೆರಡು ವರ್ಷ ಇಬ್ಬರೂ ಒಂದೇ ಸೂರಿನಡಿ, ಒಂದೇ ಅಂಗಡಿಯಲ್ಲಿಟ್ಟ ಎರಡು ಬೆಲೆಬಾಳುವ ಸರಕುಗಳಂತೆ ಬಾಳಿದರು. ಮಕ್ಕಳಾಗಲಿಲ್ಲ.

ಹದಿಮೂರನೆಯ ವರ್ಷ ಅರಸನಿಗೆ ಕೆಮ್ಮು ಹತ್ತಿತು.

ಆಮೇಲೆ ಚಂದಲೆಯ ಬದುಕೆಲ್ಲ ಆ ಒಂದು ಕೆಮ್ಮಿನ ಸುತ್ತ ಸುತ್ತತೊಡಗಿತು. ಬೆಳಗಾದರೆ ಅರಮನೆಗೆ ಆಳನ್ನಟ್ಟಿ ಅರಸರು ಗಂಜಿ ಕುಡಿದರೇ, ಕಫದಲ್ಲಿ ಕೆಂಪಿತ್ತೇ ಎಂದು ಕೇಳಿಸುತ್ತಿದ್ದಳು. ಅರಸನ ನಾಲಗೆಯ ಬಣ್ಣ ಅವಳಿಗೆ ಗೊತ್ತಿತ್ತು. ತನ್ನ ಗಂಡನ ದವಡೆಯ ಎರಡು ಹಲ್ಲು ಬಿದ್ದುಹೋಗಿರುವುದು ಗೊತ್ತಿರಲಿಲ್ಲ. ಕಾಲು ಮಡಚಿ ಕೂತಾಗಲೆಲ್ಲ ಪೆಂಡೆಯ ಮಾಂಸಕ್ಕೆ ಒತ್ತುತ್ತಿತ್ತು, ಹನ್ನೆರಡು ವರ್ಷ ಒತ್ತದೆ ಇದ್ದದ್ದು ಈಗ ಒತ್ತುತ್ತಿತ್ತು.

ಮಹಾಪ್ರಧಾನ ದೇಕರಸನ ಕಣ್ಣಿಗೆ ಈ ಹೆದರಿಕೆ ಬಿತ್ತು. ಯುಗಾದಿಯ ಓಲಗದಲ್ಲಿ ಅರಸನು ತನ್ನ ಮಗನನ್ನು ಬದಿಗಿಟ್ಟು ತಮ್ಮನಿಗೆ ಪಟ್ಟ ಕಟ್ಟುವನೆಂಬ ಸುದ್ದಿ ಹಬ್ಬಿತ್ತು. ಮಗನನ್ನು ಬೆರಳಲ್ಲಿ ಕುಣಿಸುತ್ತಿದ್ದ ದೇಕರಸನಿಗೆ ಅರಸ ಯುಗಾದಿಗೆ ಮೊದಲೇ ಸಾಯಬೇಕಾಗಿತ್ತು. ಆದರೆ ಅರಸನ ಔಷಧದ ಕರಂಡಕ ಕೇತಮಲ್ಲನ ವಶದಲ್ಲಿತ್ತು. ಬೀಗದ ಕೈ ಅವನ ನಡುಪಟ್ಟಿಯಲ್ಲಿ. ಮೊದಲ ತೊಟ್ಟು ಅವನ ನಾಲಗೆಗೆ. ವಾರಕ್ಕೊಮ್ಮೆ ಎಣ್ಣೆ ಮಜ್ಜನಕ್ಕೆ ಮನೆಗೆ ಬಂದರೂ ಕರಂಡಕವನ್ನು ಬಚ್ಚಲ ಮನೆಯೊಳಗೇ ತಂದಿಟ್ಟುಕೊಳ್ಳುತ್ತಿದ್ದ.

ದೇಕರಸನು ದೇವಿಯ ಗುಡಿಯ ಮೊಗಸಾಲೆಯಲ್ಲಿ ಚಂದಲೆಯನ್ನು ಕಂಡು, ಬಹಳ ಮರ್ಯಾದೆಯಿಂದ, ತನ್ನ ಹೆಂಡತಿ ತೀರಿಕೊಂಡು ವರ್ಷವಾಯಿತೆಂಬ ಮಾತಿನಿಂದ ತೊಡಗಿದ. ಸಾವನ್ನು ಸಾರುವ ಮೊದಲೇ ಹೊಸ ಅರಸನ ಅಪ್ಪಣೆಯಿಂದ ಅವಳ ಪೆಂಡೆಯವನ್ನು ಕತ್ತರಿಸಿ ತೆಗೆಸುವುದಾಗಿಯೂ, ಹೊಸ ಆಳ್ವಿಕೆಯಲ್ಲಿ ಮಹಾಪ್ರಧಾನನ ಮಡದಿಯಾಗಿ ಅವಳ ಪಲ್ಲಕ್ಕಿ ಎಲ್ಲಕ್ಕಿಂತ ಮುಂದೆ ಹೋಗುವುದಾಗಿಯೂ ಹೇಳಿ, ಎಲೆಯಲ್ಲಿ ಮಡಿಸಿದ ಪುಡಿಯೊಂದನ್ನು ಹೂವಿನ ತಟ್ಟೆಯಲ್ಲಿಟ್ಟ.

"ಮೊದಲು ನಾಯಕರು ರುಚಿ ನೋಡುತ್ತಾರೆ," ಎಂದಳು ಚಂದಲೆ.

"ಒಂದು ತೊಟ್ಟು ಯಾರನ್ನೂ ಒಂದು ಗಳಿಗೆಯಲ್ಲಿ ಕೊಲ್ಲುವುದಿಲ್ಲ, ತಾಯಿ. ಎರಡು ದಿನವಾದೀತು. ಹೇಗೂ ಅರಸರ ಹಿಂದೆ ಕೊಂಡಕ್ಕೆ ಹೋಗುವವರು ಅವರು. ಎರಡು ದಿನದಲ್ಲಿ ಅವರು ಕಳೆದುಕೊಳ್ಳುವುದೇನು?"

ಮಾತು ಸರಿಯಾಗಿಯೇ ಇದೆ ಎಂದು ಅವಳಿಗೆ ತೋರಿತು. ಅದೇ ಆ ಮದುವೆಯ ಕತೆ. ಗಂಡನ ಸಾವಿನ ಮಾತನ್ನು ಬಟ್ಟೆಯ ನೇಯ್ಗೆ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, ಸರಿಯಿದೆ ಎಂದುಕೊಂಡು, ತಟ್ಟೆಯನ್ನೆತ್ತಿಕೊಂಡು ಬಂದಳು.

ಶನಿವಾರ ಬೆಳಿಗ್ಗೆ ಕೇತಮಲ್ಲ ಮಣೆಯ ಮೇಲೆ ಕುಳಿತು ಬೆನ್ನು ತಿಕ್ಕುವ ಆಳನ್ನು ಕಾಯುತ್ತಿದ್ದಾಗ, ಎಣ್ಣೆಯ ಬಟ್ಟಲು ಹಿಡಿದು ಚಂದಲೆಯೇ ಒಳಗೆ ಬಂದಳು. ಆಳಿಗೆ ಜ್ವರವೆಂದಳು. ಅವನು ಒಂದು ಕ್ಷಣ ಅವಳನ್ನು ನೋಡಿದ, ಬೆನ್ನು ತಿರುಗಿಸಿ ಕುಳಿತ.

ಆ ಬೆನ್ನನ್ನು ಅವಳು ಹಗಲು ಬೆಳಕಿನಲ್ಲಿ ಕಂಡದ್ದು ಅದೇ ಮೊದಲು. ಹೆಗಲಿನಿಂದ ಪಕ್ಕೆಯವರೆಗೆ ಉದ್ದನೆಯ ಗಾಯದ ಕಲೆ, ಅದರ ಕೆಳಗೆ ಈಟಿಯ ಮೊನೆ ಹೊಕ್ಕಿದ್ದ ಒಂದು ಗುಳಿ. ಯಾವ ಯುದ್ಧದ್ದು, ಯಾವ ವರ್ಷದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಎಣ್ಣೆ ಹಚ್ಚಿದಳು, ತಲೆಗೆ ಸೀಗೆಪುಡಿ ಕಲಸಿ ಹಾಕಿ, ಅವನು ಉರಿಗೆ ಕಣ್ಣು ಮುಚ್ಚಿದೊಡನೆ ಬಟ್ಟೆಯ ರಾಶಿಯಿಂದ ಬೀಗದ ಕೈ ತೆಗೆದು ಕರಂಡಕ ತೆರೆದು, ಒಳಗಿನ ಔಷಧಕ್ಕೆ ಪುಡಿ ಬೆರೆಸಿ, ಮುಚ್ಚಿದಳು. ಹತ್ತು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಮರಳಿ ಬಂದು ಬೆನ್ನು ತಿಕ್ಕತೊಡಗಿದಳು.

ಕಣ್ಣು ಮುಚ್ಚಿಕೊಂಡೇ ಕೇತಮಲ್ಲ ಕೇಳಿದ: "ನಿನ್ನ ಕೈ ಇಷ್ಟು ತಣ್ಣಗಿದೆಯಲ್ಲ. ಮೊದಲಿನಿಂದಲೂ ಹೀಗೆಯೇ?"

"ನೀರಲ್ಲಿಟ್ಟ ಹೂವು ಕಟ್ಟಿ ಬೆಳೆದ ಕೈ," ಎಂದಳು. "ಚಿಕ್ಕಂದಿನಿಂದ ಹೀಗೆಯೇ."

"ನಾನು ಕೇಳಿಯೇ ಇರಲಿಲ್ಲ," ಎಂದ ಅವನು. "ಇನ್ನೂ ಸ್ವಲ್ಪ ಹೊತ್ತು ತಿಕ್ಕು."

ಹೇಳಿಬಿಡಬಹುದಾಗಿತ್ತು. ಬಿಸಿನೀರಿನ ಹಂಡೆ ಪಕ್ಕದಲ್ಲೇ ಇತ್ತು, ಕರಂಡಕವನ್ನು ಅದರೊಳಗೆ ಬೀಳಿಸಿ ಕೈ ಜಾರಿತೆನ್ನಬಹುದಾಗಿತ್ತು. ಮಾತು ಅವಳ ನಾಲಗೆಯ ತುದಿಗೆ ಬಂದದ್ದು ನಿಜ. ಆಗ ಅವಳು ಕಾಲು ಬದಲಿಸಿದಳು; ಪೆಂಡೆಯ ಒತ್ತಿತು; ಬಂದದ್ದು ಹಿಂದಕ್ಕೆ ಹೋಯಿತು. ಅವನು ಸಾಕೆನ್ನುವವರೆಗೆ ಅವಳು ಬೆನ್ನು ತಿಕ್ಕಿದಳು, ಅವನು ಬಹಳ ಹೊತ್ತು ಸಾಕೆನ್ನಲಿಲ್ಲ.

ಮಧ್ಯಾಹ್ನಕ್ಕೆ ಅರಮನೆಯಿಂದ ಪಲ್ಲಕ್ಕಿ ಬಂತು. ಕಹಳೆಯಿತ್ತು, ಛತ್ರವಿತ್ತು, ದಾರಿಯುದ್ದಕ್ಕೂ ಜನ ಗೋಡೆಗೆ ಒತ್ತಿ ನಿಂತರು. ಮಹಾಪ್ರಧಾನನು ಮಾತು ಉಳಿಸಿಕೊಂಡನೆಂದು ಚಂದಲೆ ತಲೆಯೆತ್ತಿ ಕುಳಿತಳು. ಅರಸನ ಮಲಗುವ ಮನೆಯ ಬಾಗಿಲಲ್ಲಿ ಇಳಿದಾಗ ಕಂಡದ್ದು ಕೈಕಟ್ಟಿಸಿಕೊಂಡು ನಿಂತ ದೇಕರಸನನ್ನು. ಒಳಗೆ ಮಂಚದ ಮೇಲೆ ದಿಂಬಿಗೊರಗಿ ಕುಳಿತ, ಜೀವಂತವಾಗಿದ್ದ ಚಟ್ಟಮದೇವನನ್ನು. ಮಂಚದ ಕಾಲ ಬಳಿ ಬಿಳಿಯ ವಸ್ತ್ರ ಹೊದಿಸಿದ ಒಂದು ದೇಹವನ್ನು.

ಅರಸನಿಗೆ ಹೆಚ್ಚು ಮಾತಾಡುವ ತ್ರಾಣವಿರಲಿಲ್ಲ. ಆದರೂ ಪ್ರತಿಯೊಂದು ಮಾತನ್ನೂ ತೂಗಿ ಆಡಿದ.

"ನಾಯಕನು ಒಂದು ತೊಟ್ಟು ರುಚಿ ನೋಡುವ ಬದಲು ಬಟ್ಟಲನ್ನೆಲ್ಲ ಬರಿದು ಮಾಡಿದ. ಏಕೆಂದು ಕೇಳಿದೆ. ಏನೆಂದ ಗೊತ್ತೇ? 'ಇಂದು ನನ್ನ ಹೆಂಡತಿ ನನ್ನ ಬೆನ್ನು ತಿಕ್ಕಿದಳು, ಪ್ರಭು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅದು ಪ್ರೀತಿಯಾಗಿದ್ದರೆ ನನಗೇನೂ ಆಗುವುದಿಲ್ಲ. ಅಲ್ಲವಾದರೆ ನನಗೂ ಬದುಕುವ ಆಸೆ ಉಳಿದಿಲ್ಲ, ನಿಮ್ಮ ಜೀವವಂತೂ ಉಳಿಯುತ್ತದೆ' ಎಂದ. ತುಟಿ ನೀಲಿಯಾಗುವವರೆಗೂ ಬಾಗಿಲಿನತ್ತಲೇ ನೋಡುತ್ತಿದ್ದ."

ನಾಯಕನ ತುಟಿಯ ಬಣ್ಣ ಕಂಡೊಡನೆ ಓಡಹೊರಟ ದೇಕರಸ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದ. ಪೆಟ್ಟು ಬೀಳುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡಿದ್ದ. ಅವನಿಗೆ ಸಂಜೆಯೊಳಗೆ ಶಿರಚ್ಛೇದವೆಂದೂ ಅರಸುಮಗನಿಗೆ ಗಡಿಪಾರೆಂದೂ ತೀರ್ಪಾಗಿತ್ತು.

ಚಂದಲೆ ನೆಲಕ್ಕೆ ಕುಸಿದು ತನ್ನನ್ನೂ ಕೊಲ್ಲಿಸಬೇಕೆಂದು ಬೇಡಿದಳು. ಅವಳು ಬದುಕಿನಲ್ಲಿ ಆಡಿದ ಮೊದಲ ನಿಜವಾದ ಮಾತು ಅದೇ ಇರಬೇಕು.

"ಆಗದು," ಎಂದ ಅರಸ. "'ಅವಳನ್ನು ಕೊಲ್ಲಬೇಡಿ, ನಾನು ಕುದುರೆ ತಂದ ಹಾಗೆ ಅವಳನ್ನು ತಂದೆ, ಅರ್ಧ ತಪ್ಪು ನನ್ನದು' ಎಂದು ನಾಯಕನು ಸಾಯುವಾಗ ವರ ಬೇಡಿದ, ನಾನು ಕೊಟ್ಟೆ. ನಿನ್ನ ಆಣೆ ಹಾಗೆಯೇ ಇರಲಿ. ನಾನು ಸತ್ತ ದಿನ ಕೊಂಡಕ್ಕೆ ಬಾ. ಅಲ್ಲಿಯವರೆಗೆ ನಿನ್ನ ಮನೆ, ನಿನ್ನ ಚಿನ್ನ, ನಿನ್ನ ಪಲ್ಲಕ್ಕಿ ಯಾವುದಕ್ಕೂ ಕುಂದಾಗಬಾರದು. ಪ್ರತಿ ಶನಿವಾರ ಛತ್ರ ಕಹಳೆಗಳೊಡನೆ ಬಂದು ನನ್ನ ಆರೋಗ್ಯ ವಿಚಾರಿಸಿಕೊಂಡು ಹೋಗತಕ್ಕದ್ದು."

ಅರಸನ ಕೆಮ್ಮು ಆ ಬೇಸಿಗೆಯಲ್ಲೇ ವಾಸಿಯಾಯಿತು. ಅವನು ಹತ್ತೊಂಬತ್ತು ವರ್ಷ ಬದುಕಿದ.

ಹತ್ತೊಂಬತ್ತು ವರ್ಷ, ಪ್ರತಿ ಶನಿವಾರ, ಮಂತ್ರಿಗಳ ಮಡದಿಯರ ಪಲ್ಲಕ್ಕಿಗಳು ಬದಿಗೆ ಸರಿದು ಚಂದಲೆಗೆ ದಾರಿ ಬಿಟ್ಟವು. ಹೂವಾಡಿಗರ ಕೇರಿ ಬಂದಾಗ ಜನ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು, ಆದರೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ. ಅವಳ ತಂದೆ ಕಹಳೆ ಕೇಳಿದೊಡನೆ ಅಂಗಡಿಯ ಮರೆ ಎಳೆದುಕೊಳ್ಳುತ್ತಿದ್ದ, ಸಾಯುವವರೆಗೂ ಹಾಗೆಯೇ ಮಾಡಿದ. ಊರಿನ ಗಂಡಸರು ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ಬಂದರೆ, ಏನು ವಿಶೇಷ ಇವತ್ತು ಎಂದು ಹಾಸ್ಯ ಮಾಡುವುದು ರೂಢಿಯಾಯಿತು. ಆ ಹಾಸ್ಯ ಪಲ್ಲಕ್ಕಿಯ ಪರದೆ ದಾಟಿ ಅವಳ ಕಿವಿಗೂ ಬಿತ್ತು. ಅರಸನು ಅವಳನ್ನು ನಿಲ್ಲಿಸಿಯೇ ತಾನು ಚೆನ್ನಾಗಿರುವುದಾಗಿ ಹೇಳಿ ಕಳಿಸುತ್ತಿದ್ದ. ಮನೆಯ ಆಳುಗಳು ಹೇಳಿದ ಕೆಲಸ ಮಾಡುತ್ತಿದ್ದರು. ಒಂದು ಮಾತು ಹೆಚ್ಚಿಗೆ ಆಡುತ್ತಿರಲಿಲ್ಲ. ಚೆಲುವು ಯಾವಾಗ ಹೋಯಿತೆಂದು ಅವಳಿಗೂ ತಿಳಿಯಲಿಲ್ಲ, ಹೇಳುವವರಿರಲಿಲ್ಲ. ಸುಮ್ಮನೆ ಕುಳಿತಾಗ ಅವಳ ಬಲಗೈ ಗಾಳಿಯಲ್ಲಿ ಒಂದು ಉದ್ದನೆಯ ಗಾಯದ ಕಲೆಯನ್ನು ಹೆಗಲಿನಿಂದ ಪಕ್ಕೆಯವರೆಗೆ ಸವರುತ್ತಿತ್ತು. ಅದು ಯಾವ ಯುದ್ಧದ್ದೆಂದು ಹಳೆಯ ಭಟರನ್ನು ಕೇಳಿ ನೋಡಿದಳು. ಗೊತ್ತಿದ್ದವರೂ ಹೇಳಲಿಲ್ಲ.

ಅರಸ ಸತ್ತ ಸುದ್ದಿಯನ್ನು ನಗಾರಿ ಸಾರಿದ್ದು ಒಂದು ಬೆಳಗಿನ ಹೊತ್ತು. ಕೊಂಡಕ್ಕೆ ಮಧ್ಯಾಹ್ನ ಕರೆ ಬರುವುದಿತ್ತು. ಚಂದಲೆಗೆ ಹೆದರಿಕೆಯಾಗಲಿಲ್ಲ, ಬಹಳ ದಿನದಿಂದ ಬಾರದ ನೆಂಟರು ಬಂದಂತಾಯಿತು. ಮಜ್ಜನಕ್ಕೆ ನೀರು ಕಾಯಿಸಲು ಹೇಳಿ, ಕೇತಮಲ್ಲ ಕೂರುತ್ತಿದ್ದ ಮಣೆಯನ್ನು ಹಾಕಿಸಿ, ಅದರ ಮೇಲೆ ಕುಳಿತಳು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲೇ ದುಡಿದ ಮುದಿ ದಾಸಿ ಹಂಪವ್ವ ಎಣ್ಣೆಯ ಬಟ್ಟಲು ತಂದಿಟ್ಟು ಬಾಗಿಲ ಬಳಿ ನಿಂತಳು.

"ಹಂಪವ್ವ, ಸ್ವಲ್ಪ ಬೆನ್ನು ತಿಕ್ಕುತ್ತೀಯಾ?"

"ಅಪ್ಪಣೆಯೇ, ಅಮ್ಮನವರೇ?" ಎಂದು ಮುದುಕಿ ಕೇಳಿದಳು.

"ಅಪ್ಪಣೆಯಲ್ಲ," ಎಂದಳು ಚಂದಲೆ.

ಹಂಪವ್ವ ನಿಂತಲ್ಲಿಂದ ಕದಲಲಿಲ್ಲ. ಹೊರಗೆ ಕಹಳೆಯವರು ಬಂದು ಸೇರುವ ಸದ್ದು ಕೇಳಿಸುತ್ತಿತ್ತು. ಚಂದಲೆ ತಾನೇ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಹೆಗಲ ಮೇಲಿನಿಂದ ಒಂದು ಸಲ, ಸೊಂಟದ ಕಡೆಯಿಂದ ಒಂದು ಸಲ, ತನ್ನ ತಣ್ಣನೆಯ ಕೈ ಎಟುಕುವಷ್ಟು ದೂರ ಎಣ್ಣೆ ಹಚ್ಚಿಕೊಂಡಳು. ನಡುಬೆನ್ನಿಗೆ ಕೈ ಎಟುಕಲಿಲ್ಲ. ಅದನ್ನು ಹಾಗೆಯೇ ಬಿಟ್ಟು, ನೀರು ಹೊಯ್ದುಕೊಂಡು, ಪಟ್ಟೆಯುಟ್ಟು, ಹೊರಗೆ ಕಾಯುತ್ತಿದ್ದ ಪಲ್ಲಕ್ಕಿಯನ್ನು ಹತ್ತಿದಳು.