ಸಾರಕ್ಕಿ ಯುವಕೇಂದ್ರದ ಎಂಟು ಕಂಪ್ಯೂಟರ್

ಅಕ್ಟೋಬರ್ ಮೂರು, ಬೆಳಿಗ್ಗೆ ಹತ್ತೂವರೆ. ವಿಜಯದಶಮಿಯ ಮರುದಿನ. ಸಾರಕ್ಕಿಯ ಹೊಂಗೆ ಯುವಕೇಂದ್ರ ನಡೆಸುವ ಅನ್ನಪೂರ್ಣ ಠಾಣೆಗೆ ಬಂದು ದೂರು ಕೊಟ್ಟರು: ಬೀಗ ಮುರಿದು ಎಂಟು ಕಂಪ್ಯೂಟರ್ ಕದ್ದಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರು ಸಂಜೆ ಅಲ್ಲಿ ಕೆಲಸ ಕಲಿಯುತ್ತಿದ್ದರು. ಕಂಪ್ಯೂಟರ್ ಬಂದದ್ದು ಒಂದು ದತ್ತಿ ಸಂಸ್ಥೆಯ ಅನುದಾನದಿಂದ. ಸೋಮವಾರ ಅವರ ತಪಾಸಣೆ ಇತ್ತು. ಅವರು ಒಪ್ಪಿದರೆ ಎರಡನೇ ಕಂತು, ಇಲ್ಲವಾದರೆ ಕೇಂದ್ರ ಮುಚ್ಚಬೇಕು.

"ಎಫ್‌ಐಆರ್ ಕಾಪಿ ಇವತ್ತ ಸಿಗತೈತೇನ್ರೀ ಸರ? ಅವರಿಗೆ ತೋರಸಬೇಕು," ಎಂದರು ಅನ್ನಪೂರ್ಣ. ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದರು.

ಕಳ್ಳ ಸಿಗುತ್ತಾನಾ ಎಂದು ಆಕೆ ಕೇಳಲೇ ಇಲ್ಲ. ಇನ್‌ಸ್ಪೆಕ್ಟರ್ ರವಿಕಿರಣ್ ಅದನ್ನು ಗಮನಿಸಿದರೂ ದೊಡ್ಡದು ಮಾಡಲಿಲ್ಲ. ಪೊಲೀಸರ ಮೇಲೆ ಅಷ್ಟು ಭರವಸೆ ಇಟ್ಟವರು ಈ ಊರಲ್ಲಿ ಎಷ್ಟು ಜನ ಇದ್ದಾರು, ಬಿಡಿ!

ಹನ್ನೆರಡಕ್ಕೆ ಪಂಚನಾಮೆ ಶುರುವಾಯಿತು. ಬರೆದುಕೊಂಡದ್ದು ಹೆಡ್ ಕಾನ್‌ಸ್ಟೇಬಲ್ ಶಾಲಿನಿ. ಪಂಚರು ಇಬ್ಬರು, ಪಕ್ಕದ ಬೇಕರಿಯ ಕಿಟ್ಟಿ ಮತ್ತು ಕಟ್ಟಡದ ಮಾಲೀಕ ರಾಮಯ್ಯ.

"ಬಾಡಿಗೆ ಸರಿಯಾಗಿ ಕೊಡ್ತಿದ್ರಾ?" ರವಿಕಿರಣ್ ಕೇಳಿದರು.

"ತುಂಬಾ ಬಾಕಿ ಇತ್ತು ಸಾರ್. ಖಾಲಿ ಮಾಡಮ್ಮಾ ಅಂದಿದ್ದೆ. ಹೋದ ವಾರ ಎಲ್ಲಾ ಕ್ಲಿಯರ್ ಮಾಡಿದ್ರು."

ಬಾಗಿಲು, ಸ್ವಿಚ್ ಬೋರ್ಡ್, ಫ್ಯಾನಿನ ರೆಗ್ಯುಲೇಟರ್, ಎಲ್ಲದಕ್ಕೂ ಆಯುಧಪೂಜೆಯ ಕುಂಕುಮ ಹಚ್ಚಿತ್ತು. ರವಿಕಿರಣ್ ಖಾಲಿ ಮೇಜುಗಳ ಮುಂದೆ ನಿಂತರು. ಪ್ರತಿ ಮೇಜಿನ ನಟ್ಟನಡುವೆ ವಿಭೂತಿಯ ಮೂರು ಗೆರೆ, ಕುಂಕುಮದ ಬೊಟ್ಟು, ಬಾಡಿದ ಸೇವಂತಿಗೆ.

"ಪೂಜೆ ಯಾರು ಮಾಡಿದ್ದು?"

"ನಾನ ರೀ. ಹುಡುಗ್ರಿಗೆ ದಸರಾ ಸೂಟಿ ಇತ್ತು."

"ಆಗ ಕಂಪ್ಯೂಟರ್ ಎಲ್ಲಿತ್ತು?"

"ಇಲ್ಲೇ, ಟೇಬಲ್ ಮ್ಯಾಲ."

"ನಡುವೆನಾ?"

"ಹೂಂ ರೀ."

"ಹಾಗಾದ್ರೆ ಈ ಕುಂಕುಮ, ಈ ಹೂವು ಅದರಡಿಗೆ ಹೇಗೆ ಹೋಯ್ತು?"

ಅನ್ನಪೂರ್ಣ ಮೇಜು ನೋಡಿದರು. ಬಾಗಿಲ ಕಡೆ ನೋಡಿದರು. ಅಲ್ಲಿ ಶಾಲಿನಿ ನಿಂತಿದ್ದರು. ಅನ್ನಪೂರ್ಣ ಕುರ್ಚಿ ಎಳೆದುಕೊಂಡು ಕೂತರು.

"ಮಾರಿಬಿಟ್ಟಿದ್ದೆ ರೀ ಸರ. ಖಂಡೇಪೂಜಿ ದಿನ ಟೇಬಲ್ ಬೋಳಾಗಿ ಬಿಡಾಕ ಮನಸು ಬರಲಿಲ್ಲ. ಹುಡುಗ್ರು ಕಲಿತ ಜಾಗ ಅಲ್ಲೇನ್ರೀ?"

"ಬಾಡಿಗೆಗೆ ದುಡ್ಡು ಬೇಕು ಅಂತ ಆ ಸಂಸ್ಥೆಯವ್ರನ್ನ ಕೇಳಬೇಕಿತ್ತು."

"ಕೇಳಿದ್ನಲ್ರೀ! ಅನುದಾನದಾಗ ಸಾಮಾನು ತಗೋಬಹುದು, ಬಾಡಿಗಿ ಕಟ್ಟಂಗಿಲ್ಲ ಅಂದ್ರು. ಜಾಗ ಬಿಟ್ರ ಸಾಮಾನು ಎಲ್ಲಿಡಲಿ? ಸಾಮಾನು ಮಾರಿದ್ರ ತಪಾಸಣಿಗೆ ಏನ್ ತೋರಸಲಿ? ಯಾವ ಕಡೆ ಹೋದ್ರೂ ಗ್ವಾಡಿನ ರೀ ಸರ. ಬೀಗ ನಾನ ಮುರದೆ."

ಸಂಜೆಯೊಳಗೆ ಕುಮಾರಸ್ವಾಮಿ ಲೇಔಟಿನ ಹಳೇ ಕಂಪ್ಯೂಟರ್ ಅಂಗಡಿಯಲ್ಲಿ ಎಂಟೂ ಸಿಕ್ಕವು. ನಂಬಿಕೆ ದ್ರೋಹ, ಸುಳ್ಳು ದೂರು ಎಂದು ಕೇಸಾಯಿತು. ಐದೂಕಾಲಿಗೆ ಶಾಲಿನಿ ಅನ್ನಪೂರ್ಣರನ್ನು ಬಂಧಿಸಿದರು. ತನ್ನ ಸಂಸಾರಕ್ಕೆ ಅಂತ ಆಕೆ ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ರವಿಕಿರಣ್‌ಗೆ ಸಂಕಟವಾಯಿತು, ಆದರೆ ಸಂಕಟ ಬರೆಯಲು ಕೇಸ್ ಡೈರಿಯಲ್ಲಿ ಜಾಗವಿಲ್ಲ.

ಕೋಣೆಗೆ ಸೀಲ್ ಹಾಕಬೇಕಿತ್ತು. ಶಾಲಿನಿ ಬೀಗಕ್ಕೆ ಬಟ್ಟೆ ಸುತ್ತಿ ಅರಗು ಕಾಯಿಸಿದರು.

"ಸೀಲ್ ಯಾಕ್ರೀ ಸರ?" ಜೀಪಿನೊಳಗಿಂದ ಅನ್ನಪೂರ್ಣ ಕೂಗಿದರು. "ಸೋಮವಾರ ಹುಡುಗ್ರು ಬರತಾರ. ಕಂಪ್ಯೂಟರ್ ಇಲ್ಲಂದ್ರೂ ಕುಂದರತಾರ ರೀ. ಮಾರ್ಚ್ ತನಕ ಬಾಡಿಗಿ ಮುಂಗಡ ಕಟ್ಟೀನಿ!"

ರವಿಕಿರಣ್ ತಿರುಗಿ ನೋಡದೆ ಅರಗಿನ ಮೇಲೆ ಮುದ್ರೆ ಒತ್ತಿದರು.