ಅರಸನ ಕತ್ತಿನ ಎರಡನೇ ಮೂಳೆ

ದೊಡ್ಡವರೂ ಕೂತು ಕತೆ ಕೇಳುತ್ತಿದ್ದ ಕಾಲದಲ್ಲಿ ಶಿರಗೂರು ಎಂಬ ರಾಜ್ಯವಿತ್ತು. ಅಲ್ಲಿನ ಅರಸ ಮಲ್ಲಭೂಪ ಒಳ್ಳೆಯವನು. ಅವನ ಮಗಳು ಪದ್ಮಲೆಯೂ ಒಳ್ಳೆಯವಳೇ, ಆದರೆ ಆ ವರ್ಷ ಅವಳ ತಾಳ್ಮೆ ತೀರಿಹೋಗಿತ್ತು.

ಏಕೆಂದರೆ ಅರಸ ಎಲ್ಲದಕ್ಕೂ ಗೋಣು ಹಾಕುತ್ತಿದ್ದ. "ಪಟ್ಟದಾನೆ ನಮ್ಮನೆ ಮದುವೆಗೆ ಕೊಡ್ತೀರಾ?" ಅಂದರೆ ಹೂಂ. "ಅರಮನೆ ಬಾಗಿಲು ನಮ್ಮ ಕೊಟ್ಟಿಗೆಗೆ ಬೇಕಿತ್ತು" ಅಂದರೆ ಹೂಂ. ಈಗ ಅರಮನೆಗೆ ಬಾಗಿಲಿರಲಿಲ್ಲ. ಸೇನಾಪತಿಯ ಪೀಠದಲ್ಲಿ ಯಾರದೋ ಟಗರು ಮಲಗಿತ್ತು.

"ಅಪ್ಪಾಜಿ, ಒಂದೇ ಒಂದು ಸಲ ಬೇಡ ಅನ್ನಿ."

"ಹೂಂ ಮಗಳೇ."

"ಹೂಂ ಅಲ್ಲ, ಬೇಡ!"

"ಹೂಂ."

ಪದ್ಮಲೆ ಹಣೆ ಚಚ್ಚಿಕೊಂಡಳು.

ಇದು ಕಂಕಾಳನೆಂಬ ಮಂತ್ರವಾದಿಯ ಕೆಲಸ. ಮನುಷ್ಯನ ಕತ್ತಿನಲ್ಲಿ ಏಳು ಮೂಳೆ. ಮೊದಲನೆಯದು ಬಳೆಯ ಹಾಗೆ. ತಲೆಬುರುಡೆ ಅದರ ಮೇಲೆ ಕೂತು ಹಿಂದೆ ಮುಂದೆ ತೂಗಿ ಹೂಂ ಅನ್ನುತ್ತದೆ. ಎರಡನೆಯದಕ್ಕೆ ಬೀಸುಕಲ್ಲಿಗಿರುವಂಥ ಒಂದು ಗೂಟ. ಆ ಗೂಟದ ಸುತ್ತ ಬಳೆ ತಿರುಗಿದರೇ ತಲೆ ಅತ್ತಿತ್ತ ಆಡಿ ಉಹೂಂ ಅನ್ನುವುದು. ಕತ್ತಿಗೆ ಎಣ್ಣೆ ತಿಕ್ಕುವ ನೆಪದಲ್ಲಿ ಕಂಕಾಳ ಆ ಎರಡನೇ ಮೂಳೆಯನ್ನು ಮಂತ್ರ ಹಾಕಿ ಎಳೆದುಕೊಂಡು, ಆ ಜಾಗಕ್ಕೆ ಒಂದು ಹಲಸಿನ ಬೀಜ ತುರುಕಿದ್ದ. ಅಂದಿನಿಂದ ಅರಸನ ನಾಲಿಗೆಯೂ ಕತ್ತು ಹೋದ ಕಡೆಗೇ ಹೋಗುತ್ತಿತ್ತು.

ಬರುವ ಶುಕ್ರವಾರ ತುಂಬಿದ ಸಭೆಯಲ್ಲಿ ಕಂಕಾಳ ಸಿಂಹಾಸನವನ್ನೇ ಕೇಳುವವನಿದ್ದ. ಅರಸ ಗೋಣು ಹಾಕಿದರೆ ಮುಗಿಯಿತು, ಜನರೆಲ್ಲ ಕಂಕಾಳನ ಜೀತದಾಳುಗಳು.

"ಯಾರಾದರೂ ಹೋಗಿ ಮೂಳೆ ತನ್ನಿ" ಎಂದಳು ಪದ್ಮಲೆ. ಮಂತ್ರಿಗಳು ಚಾವಣಿ ನೋಡಿದರು. ಟಗರು ಮೆಲುಕು ಹಾಕಿತು.

"ಬಿಡಿ, ನಾನೇ ಹೋಗ್ತೀನಿ."

ಕಂಕಾಳನ ಮನೆ ಒಬ್ಬ ದೈತ್ಯನ ತಲೆಬುರುಡೆ, ಗುಡ್ಡದಷ್ಟು. ಬಾಗಿಲಲ್ಲಿ ಕೆಳದವಡೆ ಕಾವಲಿತ್ತು. "ಒಳಗೆ ಬಂದರೆ ಅಗಿದುಬಿಡ್ತೀನಿ" ಅಂತು. ಪದ್ಮಲೆ ಅಲ್ಲೇ ಕೂತು, ಅಪ್ಪ ಹೂಂ ಅಂದದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು. ಟಗರಿನ ವಿಷಯಕ್ಕೆ ಬರುವಷ್ಟರಲ್ಲಿ ದವಡೆ ಎಷ್ಟು ಜೋರಾಗಿ ಆಕಳಿಸಿತೆಂದರೆ, ಕಿವಿಯ ಬಳಿಯ ಕೀಲು ಜಾರಿ, ತೆರೆದ ಬಾಯಿ ತೆರೆದೇ ಉಳಿಯಿತು.

ಮುಂದೆ ಕಿವಿಯ ಓಣಿ. ಅಲ್ಲಿ ಪುಟಾಣಿ ಮೂಳೆಗಳು ಮೂರು. ಸೊಳ್ಳೆ ಹಾಡಿದರೂ ಮೊದಲನೆಯದು ಎರಡನೆಯದನ್ನು ತಟ್ಟಿ, ಎರಡನೆಯದು ಮೂರನೆಯದನ್ನು ತಟ್ಟಿ, ಕಂಕಾಳನಿಗೆ ಸುದ್ದಿ ಮುಟ್ಟುತ್ತಿತ್ತು. ಪದ್ಮಲೆ ಮೊದಲನೆಯದಕ್ಕೆ ಪಿಸುಗುಟ್ಟಿದಳು: "ದುಡಿಯೋದು ನೀನು, ಹೆಸರು ಮಾತ್ರ ಮೂರನೆಯವನಿಗೆ ಅಲ್ವಾ?"

"ಈಗಲಾದರೂ ಒಬ್ಬರು ಕೇಳಿದಿರಲ್ಲ ತಾಯಿ!" ಎಂದು ಅದು ಮುನಿಸಿಕೊಂಡು ಕೆಲಸ ನಿಲ್ಲಿಸಿತು. ಉಳಿದೆರಡಕ್ಕೆ ಏನೂ ಗೊತ್ತಾಗಲಿಲ್ಲ.

ಬುರುಡೆಯ ನಡುವೆ, ಕೌದಿ ಹೊಲಿದಂತೆ ಕೂಡಿಕೊಂಡಿದ್ದ ಮೂಳೆಗಳ ಚಾವಣಿಯ ಕೆಳಗೆ, ಒಂದು ಗೂಬೆ ಅರಸನ ಮೂಳೆಯನ್ನು ಕಾಲಡಿ ಇಟ್ಟುಕೊಂಡಿತ್ತು.

"ನನ್ನ ಕತ್ತಲ್ಲಿ ಹದಿನಾಲ್ಕು ಮೂಳೆ" ಎಂದು ಬೀಗಿತು ಗೂಬೆ. "ಎಲ್ಲಿ ಹೋದರೂ ನಿನ್ನ ನೋಡ್ತೀನಿ."

"ನೋಡು ಮಹರಾಯ." ಅವಳು ಅದರ ಸುತ್ತ ನಡೆದಳು. ಗೂಬೆಯ ಮೈ ಅಲುಗಲಿಲ್ಲ, ತಲೆ ಮಾತ್ರ ತಿರುಗಿತು, ಇನ್ನೂ ತಿರುಗಿತು. ಎಂಥ ಕತ್ತಿಗೂ ಒಂದು ಕೊನೆಯಿದೆ. ಕೊನೆ ಮುಟ್ಟಿದ ತಲೆ ಸರ್ರನೆ ಹಿಂದಕ್ಕೆ ತಿರುಗಿ ಬರುವ ಆ ಗಳಿಗೆಯಲ್ಲಿ ಪದ್ಮಲೆ ಮೂಳೆ ಎಳೆದುಕೊಂಡು ಓಡಿದಳು.

ಅವಳು ಸಭೆಗೆ ನುಗ್ಗಿದಾಗ ಕಂಕಾಳ ಸಿಂಹಾಸನ ಕೇಳಿ ಆಗಿತ್ತು. ಅರಸನ ಗದ್ದ ಇಳಿಯುತ್ತಿತ್ತು.

"ಅಯ್ಯೋ, ತಡೀರಿ ಅಪ್ಪಾಜಿ!"

ಅವಳು ಮೂಳೆಯನ್ನು ಅವನ ಕತ್ತಿನ ಹಿಂದೆ ಒತ್ತಿದಳು. ಹಲಸಿನ ಬೀಜ ಚಿಮ್ಮಿ ಹೊರಬಿತ್ತು. ಮೂಳೆ ತನ್ನ ಜಾಗ ತಾನೇ ಹುಡುಕಿಕೊಂಡು ಟಕ್ಕೆಂದು ಕೂತಿತು. ಅರಸನ ತಲೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು.

"ಉಹೂಂ."

ಕಂಕಾಳನ ಮಾಯೆಯೆಲ್ಲ ಬೇರೆಯವರ ಹೂಂ ತಿಂದು ಕೊಬ್ಬಿದ್ದು. ಆ ಒಂದು ಉಹೂಂ ತಗಲಿದ್ದೇ ಅದು ಕರಗಿಹೋಯಿತು. ಉಳಿದವನು ಒಬ್ಬ ಬಡಕಲು ಮುದುಕ. ಅವನು ಅರಸನ ಕಾಲಿಗೆ ಬಿದ್ದ. "ಬುದ್ಧೀ, ಕ್ಷಮಿಸಿದಿರಾ?"

ಅರಸ ತಲೆಯನ್ನು ಒಮ್ಮೆ ಈ ಭುಜದತ್ತ, ಒಮ್ಮೆ ಆ ಭುಜದತ್ತ ವಾಲಿಸಿದ. ಅದು ಕೆಳಗಿನ ಐದು ಮೂಳೆಗಳ ಕೆಲಸ.

"ಹೂಂ ಅಂದ್ರಾ, ಉಹೂಂ ಅಂದ್ರಾ?" ಕಂಕಾಳ ಗಾಬರಿಯಿಂದ ಪದ್ಮಲೆಯನ್ನು ಕೇಳಿದ.

"ನನಗೇನು ಗೊತ್ತು? ಕಾಯ್ತಾ ಇರು" ಎಂದಳು ಪದ್ಮಲೆ.

ಶಿರಗೂರಿನ ಜನ ಬೇಕಾದ್ದಕ್ಕೆ ಹೂಂ, ಬೇಡದ್ದಕ್ಕೆ ಉಹೂಂ ಅನ್ನುತ್ತ ಸುಖವಾಗಿ ಬಾಳಿದರು. ಕಂಕಾಳ ಅರಮನೆಯ ಅಂಗಳ ಗುಡಿಸುತ್ತ ಇನ್ನೂ ಕಾಯುತ್ತಿದ್ದಾನೆ.