ಹಗುರ ಸ್ಲೈಡಿನ ಪಿಸ್ತೂಲು

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಪ್ರುಯಿಟ್ ಕೌಂಟಿ ಶೆರಿಫ್ ಕಚೇರಿಯ ಫೋನು ಹೊಡೆದುಕೊಂಡಿತು. ಆ ಕಡೆ ಮಾತಾಡಿದವರು ಹಿಕರಿ ಬೆಂಡ್ ಊರಿನ ಓಪಲ್ ಹೇಗುಡ್. ಓಪಲ್ ಅವರ ಅಂಗಡಿ ಗೊತ್ತಿಲ್ಲದವರು ನಮ್ಮ ಅರ್ಕನ್ಸಾ ರಾಜ್ಯದ ಈ ಮೂಲೆಯಲ್ಲಿ ಯಾರೂ ಇಲ್ಲ. ಒಳಗೆ ಹೋದರೆ ಎಡಕ್ಕೆ ಬಂದೂಕು, ಬಲಕ್ಕೆ ಮೀನಿನ ಗಾಳ ಮತ್ತು ಎರೆಹುಳ, ನಡುವೆ ಮುದುಕರ ಕಾಫಿ ಮೇಜು.

"ಒಂದು ಪಿಸ್ತೂಲು ಕಾಣ್ತಿಲ್ಲ. ಬೇಗ ಬನ್ನಿ, ನಂಗೆ ಕೈಕಾಲೇ ಆಡ್ತಿಲ್ಲ."

ಎಂಟು ಮೂವತ್ತೈದಕ್ಕೆ ತನಿಖಾಧಿಕಾರಿ ನೋರೀನ್ ಟ್ಯಾಕೆಟ್ ಅಂಗಡಿ ತಲುಪಿದರು. ಇಪ್ಪತ್ತಾರು ವರ್ಷದ ಸರ್ವೀಸು, ಅಳೆದು ತೂಗಿ ಮಾತಾಡುವ ಹೆಂಗಸು. ಜೊತೆಗೆ ಡೆಪ್ಯುಟಿ ವೆಂಡೆಲ್ ಲೆಡ್‌ಬೆಟರ್. ವೆಂಡೆಲ್ ಕೆಲಸದಲ್ಲಿ ಗಟ್ಟಿಗ, ಆದರೆ ಅವನಿಗೊಂದು ಗೀಳು. ಡ್ಯೂಟಿ ಇಲ್ಲದ ಹೊತ್ತು ದಿನಾ ಸೊಂಟದಲ್ಲಿಟ್ಟುಕೊಳ್ಳಲು ಒಂದು ಸಣ್ಣ ಪಿಸ್ತೂಲನ್ನು ಐದು ತಿಂಗಳಿಂದ ಆರಿಸುತ್ತಲೇ ಇದ್ದ. ಕಂಡಕಂಡವರನ್ನೆಲ್ಲ ಕೇಳಿದ್ದ, ಕಂಡಕಂಡವರೆಲ್ಲ ಹೇಳಿದ್ದರು. ಮದುವೆಗೆ ಹೆಣ್ಣು ನೋಡುವಾಗಲೂ ನಮ್ಮ ಜನ ಇಷ್ಟು ಸಲಹೆ ಕೊಡುವುದಿಲ್ಲ.

ಓಪಲ್ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಅಂಗಡಿಯ ಒಂದೊಂದು ಬಂದೂಕಿನ ನಂಬರೂ ಬರೆದಿಟ್ಟ ದಪ್ಪನೆಯ ಪುಸ್ತಕ.

"ಯಾವಾಗ ಗೊತ್ತಾಯ್ತು?" ನೋರೀನ್ ಕೇಳಿದರು.

"ಇವತ್ತು ಏಳೂವರೆಗೆ. ಪುಸ್ತಕ ಹಿಡ್ಕೊಂಡು ಒಂದೊಂದೇ ಡಬ್ಬಿ ತೆಗೆದು ನೋಡ್ತಿದ್ದೆ."

"ಇವತ್ತೇ ಯಾಕೆ?"

"ಗುರುವಾರ ಒಂಬತ್ತು ಗಂಟೆಗೆ ಕೇಂದ್ರ ಸರ್ಕಾರದಿಂದ ಬಂದೂಕಿನ ಲೆಕ್ಕ ನೋಡೋ ಇನ್ಸ್‌ಪೆಕ್ಟರ್ ಬರ್ತಾರಮ್ಮ. ಯಾವಾಗ್ಲೂ ಜನವರಿಲಿ ಬರೋರು, ಈ ಸಲ ನಿನ್ನೆ ದಿಢೀರಂತ ಕಾಗದ ಬಂತು. ಹೋದ ಸಲ ಎರಡು ನಂಬರು ತಪ್ಪು ಬರೆದಿದ್ದೆ ಅಂತ ಎಚ್ಚರಿಕೆ ಕೊಟ್ಟು ಹೋಗಿದ್ರು. ಈಗ ಪಿಸ್ತೂಲೇ ಇಲ್ಲ ಅಂದ್ರೆ ಲೈಸೆನ್ಸು ಉಳಿಯುತ್ತಾ? ಮೂವತ್ತೆರಡು ವರ್ಷದ ಅಂಗಡಿ ನೋರೀನ್. ಬರೀ ಎರೆಹುಳ ಮಾರಿ ನಾನು ಬದುಕೋಕಾಗುತ್ತಾ?"

ಅಂಗಡಿ ಉಳಿಯಬೇಕಾದರೆ ನಲವತ್ತೆಂಟು ಗಂಟೆಯೊಳಗೆ ಪಿಸ್ತೂಲು ಸಿಗಬೇಕಿತ್ತು. ನೋರೀನ್ ದೂರು ದಾಖಲಿಸಿಕೊಂಡು ಹಿಂದಿನ ಕೋಣೆಗೆ ನಡೆದರು. ಒಂಬತ್ತು ಗಂಟೆಗೆ ಮಹಜರು ಶುರುವಾಯಿತು.

ಬೀಗ ಒಡೆದಿರಲಿಲ್ಲ, ಕಿಟಕಿ ಸರಿಯಾಗಿತ್ತು. ಕಪಾಟಿನಲ್ಲಿ ಡಬ್ಬಿ ಇದ್ದ ಜಾಗದಲ್ಲೇ ಇತ್ತು, ಎತ್ತಿದರೆ ತೂಕವೂ ಇತ್ತು. ತೆರೆದರೆ ಒಳಗೆ ಪಿಸ್ತೂಲಿನ ಬದಲು, ಒರೆಸುವ ಬಟ್ಟೆಯಲ್ಲಿ ಸುತ್ತಿಟ್ಟ ಗಾಳದ ಸೀಸದ ಗುಂಡುಗಳು. ವೆಂಡೆಲ್ ಅವನ್ನು ಹುಳ ತೂಗುವ ತಕ್ಕಡಿಗೆ ಹಾಕಿದ. ಹದಿನೆಂಟೂವರೆ ಔನ್ಸು.

"ಪಿಸ್ತೂಲಿನ ತೂಕ ಎಷ್ಟು?" ನೋರೀನ್ ಕೇಳಿದರು.

"ಹದಿನೆಂಟೂವರೆ," ವೆಂಡೆಲ್ ಪುಸ್ತಕ ನೋಡದೆ ಹೇಳಿದ. "ಕಳ್ಳ ಭಾರಿ ಅಚ್ಚುಕಟ್ಟಿನವನು ಮೇಡಂ."

ಡಬ್ಬಿಯಲ್ಲಿ ಬಳಕೆಯ ಕೈಪಿಡಿ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಇತ್ತು. ಈ ಪಿಸ್ತೂಲಿಗೆ ಹಿಡಿಕೆಯ ಹಿಂಬದಿಗೆ ಕೂರಿಸುವ ಮೂರು ಅಳತೆಯ ಪಟ್ಟಿ ಕೊಡುತ್ತಾರೆ. ಕಾರ್ಖಾನೆಯಿಂದ ಬರುವಾಗ ನಡುವಿನ ಅಳತೆಯದು ಕೂತಿರುತ್ತದೆ. ಡಬ್ಬಿಯಲ್ಲಿ ಈಗ ದೊಡ್ಡದೂ ನಡುವಿನದೂ ಇದ್ದವು. ಸಣ್ಣದು ಇರಲಿಲ್ಲ.

"ಪಕ್ಕದಲ್ಲಿ ಸಾವಿರದೆಂಟುನೂರು ಡಾಲರಿನವು ಎರಡಿವೆ, ಮುಟ್ಟಿಲ್ಲ. ನಾನೂರ ಎಪ್ಪತ್ತೊಂಬತ್ತರದ್ದು ತಗೊಂಡು ಹೋಗಿದ್ದಾನೆ. ಯಾಕೆ?" ನೋರೀನ್ ಕೇಳಿದರು.

ವೆಂಡೆಲ್ ಇಂಥ ಪ್ರಶ್ನೆಗೆ ಐದು ತಿಂಗಳಿಂದ ಕಾದಿದ್ದ. "ಮಾರೋಕೆ ಕದ್ದಿದ್ದಲ್ಲ ಮೇಡಂ, ಇಟ್ಕೊಳ್ಳೋಕೆ ಆರಿಸಿದ್ದು. ದೊಡ್ಡದಾದ್ರೆ ಕಾರಲ್ಲಿ ಕೂತಾಗ ಹೊಟ್ಟೆಗೆ ಚುಚ್ಚುತ್ತೆ, ನಾಲ್ಕು ದಿನ ಇಟ್ಕೊಂಡು ಐದನೇ ದಿನ ಮನೇಲೇ ಬಿಟ್ಟು ಬರ್ತೀವಿ. ತೀರಾ ಚಿಕ್ಕದಾದ್ರೆ ಕೈಯಲ್ಲಿ ಒದೆಯುತ್ತೆ, ಅಭ್ಯಾಸ ಮಾಡೋಕೇ ಮನಸ್ಸು ಬರಲ್ಲ. ಇದು ಎರಡರ ಮಧ್ಯೆ. ಜೇಬಿಗೂ ಭಾರ ಇಲ್ಲ. ಆದ್ರೆ ಇದರ ನಿಜವಾದ ಗುಣ ಸ್ಲೈಡು."

ಸ್ಲೈಡೆಂದರೆ ಪಿಸ್ತೂಲಿನ ಮೇಲುಭಾಗದ ಜಾರುವ ಉಕ್ಕು. ಅದನ್ನು ಹಿಂದಕ್ಕೆ ಎಳೆಯದೆ ಗುಂಡು ಒಳಗೆ ಕೂರುವುದಿಲ್ಲ, ಒಳಗಿರುವುದು ಹೊರಗೆ ಬರುವುದೂ ಇಲ್ಲ. ಅದರ ಸ್ಪ್ರಿಂಗು ಬಿಗಿ. ಈ ಪಿಸ್ತೂಲಿನಲ್ಲಿ ಮಾತ್ರ ಬೇಕೆಂದೇ ಸಡಿಲವಾಗಿ ಮಾಡಿದ್ದರು.

"ಹೆಂಗಸರಿಗೇ ಇದನ್ನ ಜಾಸ್ತಿ ಮಾರಿರೋದು," ಎಂದರು ಓಪಲ್.

"ಕೈಪಿಡಿ ಬೇಡದಷ್ಟು ಅನುಭವ. ಸಣ್ಣ ಕೈ, ಇಲ್ಲ ಅಂದ್ರೆ ಬಲ ಇಲ್ಲದ ಕೈ," ಎಂದು ನೋರೀನ್ ಟಿಪ್ಪಣಿ ಬರೆದುಕೊಂಡರು. "ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಸಾರ್ಜೆಂಟ್ ಹತ್ರ ಒಂದು."

ಆ ಮಾತಿಗೆ ಮೂವರೂ ನಕ್ಕುಬಿಟ್ಟರು. ಸಾರ್ಜೆಂಟ್ ಎಂದರೆ ಬರ್ಲ್ ಥ್ರಾಶರ್, ವಯಸ್ಸು ಎಪ್ಪತ್ತಾರು, ಹಿಂದೆ ಮರೀನ್ ಪಡೆಯ ಯೋಧ. ಪಿಸ್ತೂಲು ಇಟ್ಟುಕೊಂಡು ಓಡಾಡುವ ಪರ್ಮಿಟ್ಟು ಬೇಕಾದವರಿಗೆ ಮೂವತ್ತೊಂದು ವರ್ಷದಿಂದ ಇದೇ ಕೋಣೆಯಲ್ಲಿ ಪಾಠ ಹೇಳುತ್ತಿದ್ದರು. ಕೌಂಟಿಯ ಅರ್ಧ ಜನರ ಪರ್ಮಿಟ್ಟಿನ ಮೇಲೆ ಅವರ ರುಜು ಇದೆ. ಅವರ ಬಲಗಡೆ ಸೊಂಟದಲ್ಲಿ ಎಲ್ಲರಿಗೂ ಕಾಣುವ ಹಾಗೆ ಎರಡೂವರೆ ಪೌಂಡಿನ ಉಕ್ಕಿನ ಪಿಸ್ತೂಲು, ದಪ್ಪ ಗುಂಡಿನ 'ನಲವತ್ತೈದು'. ಅದಕ್ಕಿಂತ ಸಣ್ಣದನ್ನೆಲ್ಲ ಅವರು ಆಟದ ಸಾಮಾನು ಎನ್ನುತ್ತಿದ್ದರು. ಅವರು ಈ ಪಿಸ್ತೂಲು ಕದಿಯುವುದೆಂದರೆ ಪಾದ್ರಿ ಹೋಗಿ ಬೇರೆ ಚರ್ಚಿನ ಗಂಟೆ ಕದ್ದ ಹಾಗೆ.

ಆ ಪಿಸ್ತೂಲನ್ನು ಓಪಲ್ ಕೊನೆಗೆ ನೋಡಿದ್ದು ಶನಿವಾರ ಬೆಳಿಗ್ಗೆ. ಆ ದಿನ ಸಾರ್ಜೆಂಟ್ ಅವರ ತರಗತಿಗೆ ಹನ್ನೊಂದು ಮಂದಿ ಹೆಂಗಸರು ಬಂದಿದ್ದರು, ಆ ಹೊತ್ತಿಗೆ ಕಪಾಟಿನ ಬಾಗಿಲು ತೆರೆದಿತ್ತು. ಮಂಗಳವಾರ ಹತ್ತೂವರೆಯಿಂದ ಸಂಜೆ ಆರರವರೆಗೆ ನೋರೀನ್ ಮತ್ತು ವೆಂಡೆಲ್ ಹನ್ನೊಂದು ಮನೆಯನ್ನೂ ಸುತ್ತಿದರು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಎಲ್ಲರೂ ಪರ್ಸು ತೆರೆದು, ಪಿಸ್ತೂಲು ಹೊರತೆಗೆದು, ಖಾಲಿಯೆಂದು ತೋರಿಸಿ, ನಂಬರು ಓದಲು ಕೊಟ್ಟರು. ಚರ್ಚಿನಲ್ಲಿ ಆರ್ಗನ್ ನುಡಿಸುವ ಹೆಂಗಸಿನ ಪರ್ಸಿನಲ್ಲಿ ಎರಡಿದ್ದವು. "ಒಂದು ಭಾನುವಾರಕ್ಕೆ," ಎಂದಳು ಆಕೆ. ಯಾವ ನಂಬರೂ ಹೊಂದಲಿಲ್ಲ. ವೆಂಡೆಲ್‌ಗೆ ನಾಲ್ಕು ಮನೆಯಲ್ಲಿ ಸೇಬಿನ ಪೈ ಸಿಕ್ಕಿತು, ಹನ್ನೊಂದು ಮನೆಯಲ್ಲೂ ಯಾವುದನ್ನು ಕೊಳ್ಳಬೇಕೆಂಬ ಸಲಹೆ ಸಿಕ್ಕಿತು.

ಬುಧವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಇಬ್ಬರೂ ಮತ್ತೆ ಅಂಗಡಿಗೆ ಬಂದರು. ಶನಿವಾರ ಕೋಣೆಗೆ ಬೇರೆ ಯಾರಾದರೂ ಬಂದಿದ್ದರೇ ಎಂದು ಸಾರ್ಜೆಂಟ್ ಹತ್ತಿರ ಕೇಳುವುದಿತ್ತು. ಕಾಫಿ ಮೇಜಿನಲ್ಲಿ ಸಾರ್ಜೆಂಟ್, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಎಲ್‌ವುಡ್ ಪೈಲ್, ಇನ್ನಿಬ್ಬರು ಗೆಳೆಯರು. ತಟ್ಟೆಯಲ್ಲಿ ಬನ್ನಿನಂಥ ಮೆತ್ತನೆಯ ಬಿಸ್ಕಿಟ್ಟು, ಮೇಲೆ ಬಿಳಿ ಗ್ರೇವಿ. ಓಪಲ್ ಮಾತ್ರ ರಾತ್ರಿಯೆಲ್ಲ ಅತ್ತವರ ಮುಖ ಹೊತ್ತು ಕೌಂಟರಿನ ಹಿಂದೆ ನಿಂತಿದ್ದರು.

"ಬಾರಯ್ಯ ಮದುವಣಿಗ," ಎಲ್‌ವುಡ್ ವೆಂಡೆಲ್‌ನನ್ನು ಕೂಗಿದರು. "ಪಿಸ್ತೂಲು ಗೊತ್ತಾಯ್ತಾ, ಇಲ್ಲ ಇನ್ನೂ ಜಾತಕ ನೋಡ್ತಿದ್ದೀಯಾ?"

ಎಲ್ಲರೂ ನಕ್ಕರು. ವೆಂಡೆಲ್ ಪೆಚ್ಚಾಗಿ ತಲೆ ಕೆರೆದುಕೊಂಡ. "ನಲವತ್ತೈದೊಂದನ್ನ ಮಾತ್ರ ನಾನು ಕೈಯಲ್ಲಿ ಹಿಡಿದು ನೋಡಿಲ್ಲ ಸಾರ್ಜೆಂಟ್. ನಿಮ್ದು ಒಂದ್ಸಲ ಕೊಡ್ತೀರಾ?"

ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಪಾಪ. ನಿಜವಾಗಿ ಹಿಡಿದು ನೋಡಬೇಕಿತ್ತು ಅಷ್ಟೆ.

ಸಾರ್ಜೆಂಟ್ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಚರ್ಮದ ಒರೆಯಿಂದ ಪಿಸ್ತೂಲು ತೆಗೆದು, ಗುಂಡಿನ ಮ್ಯಾಗಜೀನು ಕೆಳಗೆ ಜಾರಿಸಿದರು. ಸ್ಲೈಡಿಗೆ ಕೈ ಹಾಕಿದರು. ಅದು ಅರ್ಧ ಬೆರಳಷ್ಟು ಸರಿದು ನಿಂತಿತು. ಸಾರ್ಜೆಂಟ್ ಕೆಮ್ಮಿ, ಏನೂ ಆಗದವರಂತೆ ಪಿಸ್ತೂಲನ್ನು ಹಾಗೇ ವೆಂಡೆಲ್ ಕಡೆ ಚಾಚಿದರು.

ವೆಂಡೆಲ್ ಕೈ ಮುಂದೆ ಬರಲಿಲ್ಲ. ಎಲ್‌ವುಡ್ ಅವರ ಚಮಚ ಬಾಯಿಯ ಹತ್ತಿರವೇ ನಿಂತಿತು.

ನಮ್ಮ ಕೌಂಟಿಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮರೆತರೆ ದೇವರು ಕ್ಷಮಿಸಬಹುದು. ಪಿಸ್ತೂಲನ್ನು ಇನ್ನೊಬ್ಬರ ಕೈಗೆ ಕೊಡುವ ಮುಂಚೆ ಸ್ಲೈಡು ಹಿಂದಕ್ಕೆಳೆದು ಖಾಲಿಯೆಂದು ತೋರಿಸದಿದ್ದರೆ ಸಾರ್ಜೆಂಟ್ ಕ್ಷಮಿಸುತ್ತಿರಲಿಲ್ಲ. ಈ ತಪ್ಪಿಗೆ ಅವರು ಒಬ್ಬ ನ್ಯಾಯಾಧೀಶರನ್ನೇ ತರಗತಿಯಿಂದ ಹೊರಗೆ ಕಳಿಸಿದ್ದರು. ವೆಂಡೆಲ್‌ನನ್ನು ಎರಡು ಸಲ.

"ಸಾರ್... ಸ್ಲೈಡು ಮುಚ್ಚಿದೆ," ಎಂದ ವೆಂಡೆಲ್, ತಪ್ಪು ತನ್ನದೇ ಎನ್ನುವ ದನಿಯಲ್ಲಿ.

ನೋರೀನ್ ಪಿಸ್ತೂಲು ತೆಗೆದುಕೊಂಡು ಸ್ಲೈಡು ಎಳೆದು ನೋಡಿದರು. ಒಳಗೆ ಗುಂಡಿರಲಿಲ್ಲ. ಹಾಗೇ ಸಾರ್ಜೆಂಟ್ ಅವರ ಕೈ ನೋಡಿದರು. ಬೆರಳಿನ ಗೆಣ್ಣುಗಳು ಊದಿಕೊಂಡು ಸೊಟ್ಟಗಾಗಿದ್ದವು. ಆ ಕೈಗಳನ್ನು ನೋರೀನ್ ದಿನಾ ನೋಡುತ್ತಿದ್ದರು. ಒಂದು ದಿನವೂ ಕಂಡಿರಲಿಲ್ಲ.

"ಇದಕ್ಕೆ ಗುಂಡು ಹಾಕಿ ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

"ಎಂಟು ತಿಂಗಳಿಂದ ಸುಮ್ನೆ ತೂಗು ಹಾಕ್ಕೊಂಡಿದ್ದೀರಾ?"

"ಹ್ಞೂಂ."

"ಹಾಗಾದ್ರೆ ಶನಿವಾರದಿಂದ ಯಾವುದನ್ನ ಇಟ್ಕೊಂಡಿದ್ದೀರಿ?"

ಸಾರ್ಜೆಂಟ್ ಎದ್ದು ನಿಂತರು. ಎಡಗೈಯಿಂದ ಅಂಗಿ ಎತ್ತಿ, ಹೊಟ್ಟೆಯ ಹತ್ತಿರದ ಒಳ ಒರೆಯಿಂದ ಸಣ್ಣ ಕಪ್ಪು ಪಿಸ್ತೂಲನ್ನು ನಿಧಾನವಾಗಿ ತೆಗೆದರು. ಮ್ಯಾಗಜೀನು ಜಾರಿಸಿದರು. ಸ್ಲೈಡನ್ನು ಎರಡು ಬೆರಳಲ್ಲಿ ಎಳೆದು, ಒಳಗಿದ್ದ ಗುಂಡು ಹೊರಗೆ ಬೀಳಿಸಿ, ಖಾಲಿಯೆಂದು ಮೇಜಿನ ಸುತ್ತ ಎಲ್ಲರಿಗೂ ತೋರಿಸಿ ಕೆಳಗಿಟ್ಟರು. ಪಾಠದಲ್ಲಿ ಹೇಳಿಕೊಡುವಷ್ಟೇ ಚೊಕ್ಕವಾಗಿ.

ಓಪಲ್ ಪುಸ್ತಕ ಹಿಡಿದು ಓಡಿಬಂದರು. ನಂಬರು ಹೊಂದಿತು. ಸಮಯ ಏಳು ನಲವತ್ತೊಂದು.

"ಕತ್ತೆ ಮುದುಕ! ಕೇಳಿದ್ರೆ ನಾನು ಕೊಡ್ತಿರಲಿಲ್ವೇನಯ್ಯ? ನನ್ನ ಅಂಗಡಿನೇ ಮುಚ್ಚಿಸ್ತಿದ್ದೆಯಲ್ಲೋ!" ಓಪಲ್ ಬೈಯುತ್ತ, ಅಳುತ್ತ, ನಗುತ್ತ ಪುಸ್ತಕದಿಂದಲೇ ಅವರ ಭುಜಕ್ಕೆ ಬಡಿದರು.

"ಲೆಕ್ಕ ನೋಡೋಕೆ ಜನವರಿಲಿ ಬರ್ತಾರೆ ಅಂದ್ಕೊಂಡಿದ್ದೆ ಓಪಲ್. ಅಷ್ಟರಲ್ಲಿ ನಿಂಗೆ ಹೇಳೋಕೆ ಧೈರ್ಯ ಬರುತ್ತೆ ಅಂತ. ನಿನ್ನ ಅಂಗಡಿಗೆ ಹೀಗಾಗುತ್ತೆ ಅಂತ ಗೊತ್ತಿದ್ದಿದ್ರೆ ಮುಟ್ತಿರಲಿಲ್ಲ, ದೇವರಾಣೆ."

"ಕೌಂಟರಲ್ಲಿ ನಿಂತು ಯಾಕೆ ಕೇಳಲಿಲ್ಲ?" ನೋರೀನ್ ಪ್ರಶ್ನೆ ಮುಂದುವರಿಸಿದರು.

ಸಾರ್ಜೆಂಟ್ ಗಲ್ಲದಿಂದ ಕಾಫಿ ಮೇಜನ್ನು ತೋರಿಸಿದರು. "ಇವರ ಮುಂದೆ?"

"ಬೇರೆ ಊರಲ್ಲಿ ಕೊಳ್ಳಬಹುದಿತ್ತು."

"ಹೋಗಿದ್ದೆ. ನಲವತ್ತು ಮೈಲಿ. ಕೌಂಟರಲ್ಲಿದ್ದವನು ನನ್ನ ಹಳೇ ವಿದ್ಯಾರ್ಥಿ. 'ಇದು ಯಾರಿಗೆ ಸಾರ್ಜೆಂಟ್?' ಅಂದ. ಮೊಮ್ಮಗಳಿಗೆ ಅಂದೆ. 'ಹಾಗಾದ್ರೆ ಅವಳನ್ನೇ ಕರ್ಕೊಂಡು ಬನ್ನಿ. ಇನ್ನೊಬ್ಬರ ಕೈಗೆ ಪಿಸ್ತೂಲು ಆರಿಸಬಾರದು ಅಂತ ನೀವೇ ಹೇಳಿಕೊಟ್ಟಿದ್ದೀರಲ್ಲ' ಅಂತ ವಾಪಸ್ ಕಳಿಸಿದ."

ವೆಂಡೆಲ್ ನಗು ತಡೆಯಲು ಎರೆಹುಳದ ಕಡೆ ತಿರುಗಿ ನಿಂತ.

"ಆ ಸೀಸ ತೂಗಿ ಇಟ್ಟಿದ್ದು?"

"ಕೆಲಸ ಅಂದ್ಮೇಲೆ ಸರಿಯಾಗಿ ಮಾಡ್ಬೇಕಲ್ಲ."

ಏಳು ಐವತ್ತಕ್ಕೆ ನೋರೀನ್ ಸಾರ್ಜೆಂಟರಿಗೆ ಅವರ ಹಕ್ಕುಗಳನ್ನು ಓದಿಹೇಳಿ, ಬಂಧಿಸಿರುವುದಾಗಿ ತಿಳಿಸಿದರು. ಸಾರ್ಜೆಂಟ್ ಎರಡೂ ಕೈ ಮುಂದೆ ಚಾಚಿದರು. ನೋರೀನ್ ಆ ಗೆಣ್ಣುಗಳನ್ನು ನೋಡಿ ಕೋಳ ಹಾಕಲಿಲ್ಲ, ತೋಳು ಹಿಡಿದು ಬಾಗಿಲ ಕಡೆ ನಡೆಸಿಕೊಂಡು ಹೊರಟರು. ಪರ್ಮಿಟ್ಟಿನ ಪಾಠವನ್ನು ಅವರೂ ಕಲಿತದ್ದು ಇದೇ ಮನುಷ್ಯನ ಹತ್ತಿರ.

ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಎಲ್‌ವುಡ್ ಪೈಲ್ ಎದ್ದು ಕೌಂಟರಿಗೆ ಹೋಗಿದ್ದರು.

"ಓಪಲ್, ಆ ಹಗುರ ಸ್ಲೈಡಿಂದು ಇನ್ನೊಂದು ಇದ್ಯಾ?"

"ಯಾರಿಗೆ?"

"ನಂಗೇ ಕಣಮ್ಮ. ಎರಡು ವರ್ಷ ಆಯ್ತು ನಂದು ಎಳೆಯೋಕೆ ಬರದೆ. ಹೆಂಡ್ತಿ ಎಳೆದುಕೊಡ್ತಾಳೆ."

ಮಿಕ್ಕ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಂದು ಮಗ ಎಳೀತಾನೆ," ಎಂದರು ಒಬ್ಬರು. ಇನ್ನೊಬ್ಬರು ಎದ್ದು ಎಲ್‌ವುಡ್ ಹಿಂದೆ ಸಾಲಿನಲ್ಲಿ ನಿಂತರು. ಓಪಲ್ ಮಾದರಿಗೆಂದು ಇಟ್ಟಿದ್ದ ಪಿಸ್ತೂಲನ್ನು ತೆರೆದು ತೋರಿಸಿ ಎಲ್‌ವುಡ್ ಕೈಗಿತ್ತರು. ಎಲ್‌ವುಡ್ ಸ್ಲೈಡು ಬಿಟ್ಟು ಮತ್ತೆ ಎಳೆದರು.

"ಬಂತು! ಬಂತು ನೋಡ್ರೋ!" ಅವರು ಕುಣಿಯುವುದೊಂದು ಬಾಕಿ. ಮಿಕ್ಕ ಇಬ್ಬರೂ ಚಪ್ಪಾಳೆ ತಟ್ಟಿದರು.

"ಬೆರಳು ಟ್ರಿಗರ್‌ನಿಂದ ಆಚೆ ಇಡು ಎಲ್‌ವುಡ್!" ಬಾಗಿಲಲ್ಲಿ ನಿಂತ ಆರೋಪಿ ಗುಡುಗಿದರು. ಇಡೀ ಅಂಗಡಿ ನಕ್ಕಿತು. ಜಾಸ್ತಿ ನಕ್ಕವರು ಆರೋಪಿಯೇ.

ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಕೇಂದ್ರದ ಇನ್ಸ್‌ಪೆಕ್ಟರ್ ಲೆಕ್ಕ ಮುಗಿಸಿದರು. ಒಂದೇ ಒಂದು ಪಿಸ್ತೂಲು ಅಂಗಡಿಯಲ್ಲಿರಲಿಲ್ಲ, ಅದು ಶೆರಿಫ್ ಕಚೇರಿಯಲ್ಲಿದೆ ಎಂಬ ನೋರೀನ್ ಅವರ ರಸೀದಿ ಪುಸ್ತಕದಲ್ಲಿತ್ತು. ಲೈಸೆನ್ಸು ಉಳಿಯಿತು. ಓಪಲ್ ಇನ್ಸ್‌ಪೆಕ್ಟರಿಗೆ ಒಂದು ಡಬ್ಬಿ ಎರೆಹುಳ ಉಡುಗೊರೆ ಕೊಡಲು ಹೋದರಂತೆ, ಅವರು ನಿಯಮದ ಪ್ರಕಾರ ಬೇಡವೆಂದರಂತೆ.

ಅದೇ ದಿನ ಸಂಜೆ ನಾಲ್ಕಕ್ಕೆ ನೋರೀನ್ ಅಂತಿಮ ವರದಿ ಬರೆಯಲು ಕೂತರು. ವಸ್ತು, ನಂಬರು, ದಿನಾಂಕ, ಸಾಕ್ಷಿಗಳ ಹೆಸರು ಎಲ್ಲ ಬೇಗ ಮುಗಿದವು. ಕೃತ್ಯಕ್ಕೆ ಕಾರಣ ಎಂಬ ಜಾಗದಲ್ಲಿ ತುಸು ಹೊತ್ತು ಯೋಚಿಸಿ ಹೀಗೆ ಬರೆದರು:

"ತನ್ನ ಕೈಯಲ್ಲಿ ಆಗುವುದಿಲ್ಲ ಎಂಬ ಮಾತನ್ನು ಆರೋಪಿಯು ಮೂವರು ಗೆಳೆಯರ ಮುಂದೆ ಹೇಳಲಾರದೆ ಹೋದರು. ಆ ಮೂವರ ಕೈಯಲ್ಲೂ ಆಗುವುದಿಲ್ಲವೆಂದು ಬಂಧನದ ನಂತರ ತಿಳಿದುಬಂದಿರುತ್ತದೆ."